ರುದ್ರಾಣಮ್ಮ ಕೊಟ್ಟ ಫೋನು

ರುದ್ರಾಣಮ್ಮ ಅಡುಗೆಯ ಪುಟ್ಟಗೌರಿಗೆ ಮಾತಾಡುವ ಫೋನು ಕೊಟ್ಟಳು. ಧಾರಾಳ ಅಂದ್ಕೋಬೇಡಿ. "ಅದರೊಳಗಿನ ಸಹಾಯಕಿ ಕೇಳಿದ್ದೆಲ್ಲ ಹೇಳಿಕೊಡ್ತಾಳೆ. ಸೊಂಟದಿಂದ ತೆಗೆದ್ಯೋ, ಕೆಲಸ ಹೋಯ್ತು" ಎಂದಳು.

"ಅಮ್ಮಾವ್ರ ಕಣ್ಣು ತಪ್ಪಿಸಿ ಇನ್ನೊಂದು ಲೋಟ ಕಾಫಿ ಕುಡೀಬೇಕು" ಎಂದು ಪುಟ್ಟಗೌರಿ ಒಲೆಯ ಮುಂದೆ ಗೊಣಗಿದಳು. ಸಂಜೆಗೆ ಕಾಫಿಪುಡಿ ಡಬ್ಬಕ್ಕೆ ಬೀಗ! ಸಹಾಯಕಿ ಯಾರ ಕಡೆಯವಳು ಎಂದು ಅವಳಿಗೆ ತಿಳಿದುಹೋಯಿತು.

ಮರುದಿನ ಸೊಪ್ಪು ಬಿಡಿಸುತ್ತಾ ಫೋನಿಗೇ ಹೇಳಿದಳು: "ಸೀಮಂತದಲ್ಲಿ ಅಮ್ಮಾವ್ರ ಸೀರೆ ನೋಡಿ ಬೀಗಿತ್ತಿ ಏನಂದ್ರು ಗೊತ್ತೇನೇ? ಅಯ್ಯೋ, ಬೇಡ ಬಿಡು."

ಮಹಡಿಯಿಂದ ರುದ್ರಾಣಮ್ಮ ದಡದಡ ಇಳಿದು ಬಂದಳು. "ಏನಂದ್ಲೇ ಬೀಗಿತ್ತಿ?"

"ಫೋನಿಗೆ ಹೇಳಿದ್ದು ನಿಮಗೆ ಹೆಂಗೆ ಕೇಳಿಸ್ತು ಅಮ್ಮಾವ್ರೇ?"

ರುದ್ರಾಣಮ್ಮ ನಾಲಿಗೆ ಕಚ್ಚಿಕೊಂಡಳು. "ಅದಿರಲಿ, ಹೇಳೇ!"

"ಕಾಫಿ ಇಲ್ದೆ ಜ್ಞಾಪಕಾನೇ ಬರ್ತಿಲ್ಲ."

ಡಬ್ಬದ ಬೀಗ ಬಿಚ್ಚಿತು. ಈಗ ಹೊತ್ತುಹೊತ್ತಿಗೂ ಕಾಫಿ. ಬೀಗಿತ್ತಿಯ ಮಾತು ಮಾತ್ರ ಇನ್ನೂ ಜ್ಞಾಪಕಕ್ಕೆ ಬಂದಿಲ್ಲ, ಪಾಪ.