ಟ್ರಾನ್ಸಿಸ್ಟರಿನ ಒಡಲ ಗಡಿಗೆ

ಹಳೆಯ ಟೇಪ್ ರೆಕಾರ್ಡರಿನ ಮಬ್ಬುಗತ್ತಲೆಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಬಂದ ಅಲೆಯನ್ನು ನೂರು ಪಟ್ಟು ಹಿಗ್ಗಿಸಿ ಕಳಿಸುವುದು ಅದರ ಕೆಲಸ. ಅದರ ಒಡಲಲ್ಲಿ ಸಾಸಿವೆಗಿಂತ ಸಣ್ಣ ಗಡಿಗೆಯೊಂದಿತ್ತು. ಒಳಬಂದ ಅಲೆ ಅದನ್ನು ತುಂಬಿಯೇ ಮುಂದೆ ಹೋಗಬೇಕು, ಅದು ಅಲ್ಲಿಯ ಕಟ್ಟಳೆ.

ಹಳೆಯ ಹಾಡಿನ ಟೇಪಿನಿಂದ ತಂಬೂರಿಯ ಅಲೆ ತೂಗಾಡುತ್ತ ಬಂತು, ಸಾವಕಾಶವಾಗಿ ಗಡಿಗೆ ತುಂಬಿತು, ನೂರು ಪಟ್ಟಾಗಿ ಹೊರಟಿತು. ಹಿಂದೆಯೇ ಜೀರುಂಡೆಯ ಅಲೆ ಬಂತು. ಕ್ಷಣಕ್ಕೆ ಸಾವಿರಾರು ಸಲ ಏರಿಳಿಯುವ ಅವಸರ ಅದರ ಹುಟ್ಟುಗುಣ. ಗಡಿಗೆ ಕಾಲುಭಾಗ ತುಂಬುವಷ್ಟರಲ್ಲಿ ಅದು ಹಿಂದಿರುಗಲೇಬೇಕಾಯಿತು. ಮತ್ತೆ ಬಂತು, ಮತ್ತೆ ಹಿಂದಿರುಗಿತು.

"ಇಷ್ಟು ಸಣ್ಣ ಗಡಿಗೆಯನ್ನೂ ತುಂಬಲಾರೆಯಾ? ನಿನ್ನಲ್ಲಿ ಕಸುವಿಲ್ಲ" ಎಂದಿತು ಟ್ರಾನ್ಸಿಸ್ಟರ್.

"ಗಡಿಗೆ ಸಣ್ಣದೇ ಸ್ವಾಮಿ" ಎಂದಿತು ಅಲೆ. "ಆದರೆ ಅದರ ಬಾಯಿ ನಿಮ್ಮ ತಲೆಬಾಗಿಲಲ್ಲಿದೆ, ತಳ ಹಿತ್ತಿಲಲ್ಲಿದೆ. ನಾನು ಇಲ್ಲಿ ಒಂದು ಗೇಣು ಏರಿದರೆ ನೀವು ಅಲ್ಲಿ ತಳವನ್ನು ನೂರು ಗೇಣು ಕೆಳಗೆಳೆಯುತ್ತೀರಿ. ನಾನು ತುಂಬುತ್ತಿರುವುದು ಗಡಿಗೆಯನ್ನಲ್ಲ, ನಿಮ್ಮ ದೊಡ್ಡಸ್ತಿಕೆಯನ್ನು. ಹಾಡಿದ ಜೀರುಂಡೆ ಎಂದೋ ಸತ್ತಿದೆ. ಅದರದೆಂದು ಉಳಿದಿರುವುದು ನಾನೊಬ್ಬನೇ. ಟೇಪು ಇನ್ನೇನು ಮುಗಿಯುತ್ತದೆ."

ಟ್ರಾನ್ಸಿಸ್ಟರ್ ನೂರನ್ನು ಬಿಟ್ಟು ಹತ್ತಕ್ಕೆ ಇಳಿಯಿತು. ತಂಬೂರಿಯ ದನಿ ತಗ್ಗಿತು, ಗಡಿಗೆ ತುಂಬಿತು, ಜೀರುಂಡೆಯ ಅಲೆ ದಾಟಿತು.

ಹೊರಗೆ, ಚಾಪೆಯ ಮೇಲೆ ತೂಕಡಿಸುತ್ತಿದ್ದ ಮುದುಕಿ ಕಣ್ಣು ತೆರೆಯದೆಯೇ ಹೇಳಿದಳು: "ಇಷ್ಟು ವರ್ಷ ಇದನ್ನೇ ಕೇಳಿದ್ದೇನೆ. ನಾನು ಹಾಡುವಾಗ ಕಿಟಕಿಯಲ್ಲಿ ಜೀರುಂಡೆಯೂ ಕೂತಿತ್ತೇನು?"