ಕೆಂಚವ್ವನ ನಾಲ್ಕು ಕೂದಲು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಆಗಷ್ಟೇ ಸಾರಿಸಿದ ಅಂಗಳದ ಹಾಗೆ ಎಲ್ಲವೂ ಮೆತ್ತಗೆ. ಏನು ನೆಟ್ಟರೂ ನಾಟುತ್ತಿತ್ತು, ಯಾರು ಮಾತಾಡಿದರೂ ತಿಳಿಯುತ್ತಿತ್ತು. ಆಗ ಮೀನುಗಳಿಗೆಲ್ಲ ಒಂದೇ ಮುಖ. ಒಂದಕ್ಕೂ ಮೀಸೆ ಇರಲಿಲ್ಲ.

ಆ ಕಾಲದಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಅವಳ ಕೈ ದೊಡ್ಡದು. ಉಣ್ಣುವವರು ಸಾಕು ಎಂದರೆ ಇನ್ನೊಂದು ಸೌಟು ಬೀಳುತ್ತಿತ್ತು. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುತ್ತಿದ್ದಳು. ಬರಿದಾದ ಎಲೆ ಕಂಡರೆ ಅವಳ ಕೈ ತಾನಾಗಿಯೇ ಸೌಟಿಗೆ ಹೋಗುತ್ತಿತ್ತು.

ಒಂದು ಬೇಸಿಗೆ ಊರ ಮುಂದಿನ ಹಳ್ಳ ಬತ್ತಿತು. ಕೊನೆಯ ಗುಂಡಿಯಲ್ಲಿ ಒಂದೇ ಒಂದು ಮರಿಮೀನು ಉಳಿದಿತ್ತು. ಹಳ್ಳ ಸಣ್ಣ ದನಿಯಲ್ಲಿ ಕೆಂಚವ್ವನನ್ನು ಕರೆಯಿತು.

"ಕೆಂಚವ್ವಾ, ನನ್ನ ಮಗಳನ್ನ ಮಳಿ ಬರೂತನಕ ಇಟಗೋ. ಬಂದ ಮ್ಯಾಲ ಕೇಳ್ತೀನಿ."

"ನನ್ನ ಮಗಳಂಗ ನೋಡ್ಕೋತೀನಿ ಬಿಡು" ಎಂದಳು ಕೆಂಚವ್ವ. ಕೊಡದಲ್ಲಿ ಮೀನನ್ನು ತಂದು ಅಂಗಳದಲ್ಲಿ ನೀರು ತುಂಬಿಡುವ ಕಲ್ಲುಬಾನಿಗೆ ಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ ಉಪಚಾರ. ಬೆಳಿಗ್ಗೆ ಒಂದು ಹಿಡಿ ನುಚ್ಚು. ಮಧ್ಯಾಹ್ನ ರೊಟ್ಟಿ ಚೂರು. ಸಂಜೆ ಮತ್ತೊಂದು ಹಿಡಿ ನುಚ್ಚು. "ಉಣ್ಣವ್ವಾ ಉಣ್ಣು, ಎಷ್ಟು ಸೊರಗೀದಿ." ಮೀನಿಗೋ ಬಲು ಸಂಕೋಚ. ಸಾಕು ಎನ್ನಲು ಬಾಯಿ ಬರಲಿಲ್ಲ. ತಿಂದಷ್ಟು ತಿಂದಿತು, ಉಳಿದದ್ದು ತಳಕ್ಕೆ ಹೋಗಿ ಕೊಳೆಯಿತು.

ನೀರು ಹಸಿರಾಯಿತು. ಆಮೇಲೆ ನಾರತೊಡಗಿತು. ಮೀನಿನ ಮೈಮೇಲೆ ಅರಳೆಯಂಥ ಬಿಳಿ ಕಲೆಗಳು ಎದ್ದವು. ಅದು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು.

"ಅಯ್ಯ, ಹಸದಾಳ ನನ್ನ ಕೂಸು" ಎಂದು ಕೆಂಚವ್ವ ಇನ್ನೆರಡು ಹಿಡಿ ಹಾಕಿದಳು.

ಮರುದಿನ ಮೀನು ಮಗ್ಗುಲಾಗಿ ಬಿದ್ದಿತ್ತು. ಅವಳು ಗಾಬರಿಯಾಗಿ ಅರಿಷಿಣ ಸುರಿದಳು, ಉಪ್ಪು ಸುರಿದಳು. ಎಳೆಯ ಮೈ, ಉರಿ ತಾಳದೆ ಬಾನಿಯ ಕಲ್ಲಿಗೆ ಮೈ ತಿಕ್ಕಿಕೊಂಡು ಒದ್ದಾಡಿತು. ಕೆಂಚವ್ವ ಬಾನಿಯ ಪಕ್ಕದಲ್ಲೇ ಕುಳಿತು ಅತ್ತಳು.

ಆ ದಾರಿಯಲ್ಲಿ ಬಂದ ಗಾಳಿ ಮೂಗು ಹಿಡಿದು ಹಿಂದೆ ಸರಿಯಿತು.

"ಕೆಂಚವ್ವಾ, ನಿನ್ನ ಹುಗ್ಗಿ ಎಷ್ಟ ರುಚಿ ಇರಲಿ, ಅದರಾಗ ಮುಳುಗಿ ಮಲಗಂದ್ರ ನೀ ಮಲಗ್ತೀಯೇನು? ಹೋಗು, ಅದರವ್ವನ್ನ ಕೇಳು."

ಹಳ್ಳಕ್ಕೆ ಯಾವ ಮುಖ ತೋರಿಸುವುದು? ಆದರೂ ಹೋದಳು. ಒಣಗಿದ ಮರಳನ್ನು ಕೈಯಿಂದ ಬಗೆದಳು. ಮೊಳಕೈ ಆಳದಲ್ಲಿ ಒರತೆ ಜಿನುಗಿತು.

"ತಪ್ಪಾತವ್ವಾ. ನಿನ್ನ ಮಗಳು ಸಾಯಾಕ ಹತ್ಯಾಳ."

ಹಳ್ಳ ಬೈಯಲಿಲ್ಲ. "ಜಡ್ಡು ಮೊದಲ ನೀರಿಗೆ ಬಂದೈತಿ, ಆಮ್ಯಾಲ ಮೀನಿಗೆ" ಎಂದಿತು. "ತಳದ ಹೊಲಸು ತಗಿ. ನೀರು ಪೂರಾ ಚೆಲ್ಲಬ್ಯಾಡ, ಒಮ್ಮೆಲೇ ಹೊಸಾ ನೀರು ಬಿದ್ರ ಆಕಿ ಜೀವ ತಡಕೊಳ್ಳೂದಿಲ್ಲ. ದಿನಾ ಎರಡು ಕೊಡ ತಗದು, ನನ್ನ ಒರತಿ ನೀರು ಎರಡು ಕೊಡ ಹಾಕು. ಮತ್ತ ಕೆಂಚವ್ವಾ, ಕೈ ಬಿಗಿ ಹಿಡಿ."

ಕೊಡ ಹೊರುವುದು ಅವಳಿಗೆ ಕಷ್ಟವಾಗಲಿಲ್ಲ. ಕೈ ಬಿಗಿ ಹಿಡಿಯುವುದೇ ಕಷ್ಟವಾಯಿತು. ನುಚ್ಚು ಹಿಡಿದು ಬಾನಿಯವರೆಗೆ ಹೋಗುತ್ತಿದ್ದಳು, ಹಾಗೇ ಮರಳಿ ಬಂದು ಕೋಳಿಗಳಿಗೆ ಹಾಕುತ್ತಿದ್ದಳು.

ದಿನಾ ಎರಡು ಕೊಡ ತೆಗೆದಳು, ಎರಡು ಕೊಡ ಹಾಕಿದಳು. ಹಾಕಿದ ಮೇಲೆ, ಸಾರಿನ ಉಪ್ಪು ನೋಡುವ ಹಾಗೆ, ನಾಲ್ಕು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಇನ್ನೂ ಕಹಿ ಐತಿ" ಎಂದಳು ಮೊದಲ ದಿನ. "ಒಂಚೂರು ಕಹಿ ಐತಿ" ಎಂದಳು ಐದನೆಯ ದಿನ. ಒಂಬತ್ತನೆಯ ದಿನ ಬೆರಳು ಚೀಪಿ, "ಸಿಹಿ ಆತು" ಎಂದಳು. ಮೀನು ನೆಟ್ಟಗಾಗಿ ಈಜಿ ಬಂದು ಅವಳ ಬೆರಳಿಗೆ ಮೂತಿ ತಾಗಿಸಿತು.

"ಅವ್ವಾ, ಹಸಿವಾಗೇತಿ."

ಕೆಂಚವ್ವ ಒಂದು ಚಿಟಿಕೆ ನುಚ್ಚು ಹಾಕಿದಳು. ಬರೀ ಒಂದು ಚಿಟಿಕೆ.

ಮಳೆ ಬಂತು. ಹಳ್ಳ ತುಂಬಿ ಅಂಗಳದ ಅಂಚಿಗೇ ಬಂದು, "ಎಲ್ಲಿ ನನ್ನ ಮಗಳು?" ಎಂದು ಕೇಳಿತು. ಆದರೆ ಹೊಸ ನೀರು ಕೆಂಪಗೆ ರಾಡಿಯಾಗಿತ್ತು, ಅದ್ದಿದ ಕೈ ಕಾಣುತ್ತಿರಲಿಲ್ಲ. ಬಾನಿಯಿಂದ ಎತ್ತಿ ತಂದ ಮೀನು ಕೆಂಚವ್ವನ ಬೊಗಸೆಯಲ್ಲೇ ಮುದುಡಿತು.

"ಅಲ್ಲಿ ನೀರು ಚಲೋ ಐತೋ ಇಲ್ಲೋ, ರುಚಿ ನೋಡಿ ನನಗ ಯಾರು ಹೇಳ್ತಾರವ್ವಾ?"

ಕೊಡಲು ಹೆಚ್ಚಿನ ಬೆರಳು ಅವಳಲ್ಲಿ ಇರಲಿಲ್ಲ. ತಲೆಯಿಂದ ನಾಲ್ಕು ಕೂದಲು ಕಿತ್ತಳು. ಮೀನಿನ ಬಾಯಿಯ ಆಚೆ ಎರಡು, ಈಚೆ ಎರಡು ನೆಟ್ಟಳು. ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ನೆಟ್ಟದ್ದು ನಾಟಿತು.

"ಇವು ನನ್ನ ಬೆರಳು ಅನಕೋ. ಮೊದಲ ಇವನ್ನ ಆಡಿಸಿ ನೋಡು, ಆಮ್ಯಾಲ ಬಾಯಿ ತಗಿ. ಸಾಕಾದ್ರ, ಸಾಕನ್ನು ಮಗಳ."

ಹಾಗೆಂದು ಕೆಂಚವ್ವ ಬೊಗಸೆ ಬಿಚ್ಚಿದಳು. ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಅದಕ್ಕೇ ಇವತ್ತಿಗೂ ಮೀಸೆ ಮೀನು ಗಾಜಿನ ತೊಟ್ಟಿಯ ತಳದಲ್ಲಿ ಮೀಸೆ ಆಡಿಸುತ್ತಾ ಮೊದಲು ನೀರಿನ ರುಚಿ ನೋಡುತ್ತದೆ. ನೀನು ಪ್ರೀತಿಯಿಂದ ಹಾಕಿದ ಎರಡನೆಯ ಚಿಟಿಕೆಯನ್ನು ಅದು ಮೂಸಿ ಹಿಂದೆ ತಿರುಗಿದರೆ, ಕೆಂಚವ್ವನೇ ಸಾಕು ಎನ್ನುತ್ತಿದ್ದಾಳೆ ಎಂದು ತಿಳಿದು ತಿನಿಸಿನ ಡಬ್ಬಿಯ ಮುಚ್ಚಳ ಹಾಕು.