ಮೇಕೆ ಹಿಡಿಯದ ಕೈ

ಬೊಂಬೆಯಾಟದ ಮೇಳದಲ್ಲಿ ರವಿಕೇತು ಎಂಬ ವೀರನ ಮರದ ಬೊಂಬೆಯಿತ್ತು. ನಗುನಗುತ್ತಾ ಹೊಳೆಗೆ ಧುಮುಕಿ ಮುಳುಗುವವರನ್ನು ಎತ್ತುವುದು ಮೂರು ತಲೆಮಾರಿನಿಂದ ಅವನ ಕೆಲಸ. ಈಚೆಗೆ ಆಟಕ್ಕೆ ಜನ ಕಡಿಮೆಯಾಗಿದ್ದರು.

“ವೀರರೇ, ಕಾಲ ಬದಲಾಗಿದೆ. ಈಗಿನವರಿಗೆ ಸಿಡುಕು ಮೋರೆಯ ವೀರನೇ ಬೇಕು,” ಎಂದಿತು ಬಣ್ಣದ ಕುಂಚ.

ಆಟವೇ ನಿಂತುಹೋದೀತೆಂಬ ಭಯದಿಂದ ರವಿಕೇತು ಒಪ್ಪಿದ. ಕುಂಚ ಅವನ ಹಳದಿ ಅಂಗಿಗೆ ಕಪ್ಪು ಬಳಿದು, ಹುಬ್ಬನ್ನು ಗಂಟಿಕ್ಕಿಸಿ, ನಗುವನ್ನು ಅಳಿಸಿತು.

ಮಧ್ಯಾಹ್ನ ಆಟ ಶುರುವಾಯಿತು. ಹೊಳೆಯಲ್ಲಿ ಮುಳುಗುತ್ತಿದ್ದ ಮೇಕೆಯ ಬೊಂಬೆಗೆ ರವಿಕೇತು ಕೈ ಚಾಚಿದ. ಮೇಕೆ ಅವನ ಮುಖ ನೋಡಿ ಬೆಚ್ಚಿತು.

“ಬೇಡಪ್ಪಾ, ನಿನ್ನ ಕೈಗಿಂತ ನೀರೇ ವಾಸಿ!”

“ನಾನೇ ಕಣಮ್ಮಾ, ರವಿಕೇತು!”

“ಸುಳ್ಳು! ಅವರಾಗಿದ್ದರೆ ನಗುತ್ತಿದ್ದರು,” ಎಂದು ಮೇಕೆ ಇನ್ನೂ ಆಳಕ್ಕೆ ಸರಿಯಿತು.

ರವಿಕೇತು ಇನ್ನಷ್ಟು ಬಾಗಿ ಕೈ ಚಾಚಿದ. ಅಷ್ಟರಲ್ಲಿ ಕುಂಚ ಪರದೆಯ ಹಿಂದಿನಿಂದ ಹಾರಿ ಬಂದು, ಒಂದೇ ಎಳೆತಕ್ಕೆ ಅವನ ತುಟಿಯ ಮೇಲೆ ನಗು ಬರೆಯಿತು. ಮೇಕೆ ತಟ್ಟನೆ ಕೈ ಹಿಡಿಯಿತು. ಮಕ್ಕಳ ಚಪ್ಪಾಳೆಗೆ ಚಪ್ಪರವೇ ಅದುರಿತು.

“ಅಂಗಿಯನ್ನೂ ಹಳದಿ ಮಾಡಲೇ?” ಎಂದು ಕುಂಚ ತಗ್ಗಿದ ದನಿಯಲ್ಲಿ ಕೇಳಿತು.

“ಕಪ್ಪು ಚೆನ್ನಾಗಿಯೇ ಇದೆ, ಇರಲಿ,” ಎಂದ ರವಿಕೇತು. “ಮುಳುಗುವವರು ನೋಡುವುದು ಮುಖವನ್ನು.”

ಮರುದಿನದ ಆಟದಲ್ಲಿ ಮೇಕೆ ತನ್ನ ಸರದಿ ಬರುವ ಮೊದಲೇ ಹೊಳೆಗೆ ಹಾರಿತು.